ಎಸ್‌ಕ್ಯೂಎಲ್ ಸರ್ವರ್ ಲಾಗಿನ್ ಆಗ್ತಿಲ್ಲ, ಎರರ್ 18456

ಪ್ರಶ್ನೆ, ಬ್ಯಾಡಗಿಯಿಂದ:
ನಮಸ್ಕಾರ್ರೀ. ಮೆಣಸಿನಕಾಯಿ ದಲಾಲಿ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಹಳೆಯ ಕಂಪ್ಯೂಟರ್ ಕೆಟ್ಟಿತು. ಹೊಸದರಲ್ಲಿ ಲೆಕ್ಕದ ಡೇಟಾ ಇಡುವ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಸಾಫ್ಟ್‌ವೇರ್ ಹಾಕಿ ಬ್ಯಾಕಪ್ ರೀಸ್ಟೋರ್ ಮಾಡಿದೆವು. ಅದೇ ಕಂಪ್ಯೂಟರಿನಲ್ಲಿ ವಿಂಡೋಸ್ ಲಾಗಿನ್‌ನಿಂದ ಹೋದರೆ ತೆರೆಯುತ್ತದೆ. ಕೌಂಟರಿನ ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಮಾತ್ರ 18456, ಸ್ಟೇಟ್ 1. ಪಾಸ್‌ವರ್ಡ್ ಸರಿ ಇದೆ. ಫೈರ್‌ವಾಲ್ ಆಫ್ ಮಾಡಲಾ? ಸೋಮವಾರ ಟೆಂಡರ್ ಇದೆ, ರೈತರನ್ನು ಲೆಕ್ಕಕ್ಕೆ ಕಾಯಿಸಲು ಮನಸ್ಸಿಲ್ಲ.

ಹುಬ್ಬಳ್ಳಿಯಿಂದ:
ಫೈರ್‌ವಾಲ್ ಮುಟ್ಟಬೇಡಿ ಸರ್. 18456 ಬಂತು ಅಂದರೆ ಸರ್ವರ್ ತನಕ ಹೋಗಿದ್ದೀರಿ, ಬೇಡ ಅಂದಿದ್ದು ಅದೇ. ಸ್ಟೇಟ್ ಅಂದರೆ ಎರರ್‌ನ ಕಾರಣ ಹೇಳುವ ನಂಬರ್, ಆದರೆ 1 ನೋಡಿ ಏನೂ ಗೊತ್ತಾಗುವುದಿಲ್ಲ. ಹೊರಗಿನವರಿಗೆ ಸುಳಿವು ಸಿಗಬಾರದು ಅಂತ ಬೇಕಂತಲೇ ಹಾಗೆ ತೋರಿಸುತ್ತದೆ. ನಿಜವಾದ ನಂಬರ್ ಸರ್ವರ್‌ನ ಎರರ್‌ಲಾಗ್ ಫೈಲಿನಲ್ಲಿರುತ್ತದೆ. 5 ಅಂದರೆ ಆ ಹೆಸರಿನ ಲಾಗಿನ್ನೇ ಇಲ್ಲ. 8 ಅಂದರೆ ಪಾಸ್‌ವರ್ಡ್ ತಪ್ಪು. 58 ಅಂದರೆ ವಿಂಡೋಸ್ ಅಥೆಂಟಿಕೇಶನ್ ಮಾತ್ರ ಆನ್ ಇದೆ, ಎಸ್‌ಕ್ಯೂಎಲ್‌ನದೇ ಹೆಸರು, ಪಾಸ್‌ವರ್ಡ್ ಕೊಟ್ಟರೆ ಒಳಗೆ ಬಿಡುವುದಿಲ್ಲ.

ಬ್ಯಾಡಗಿಯಿಂದ:
58 ಅಂತಿದೆ ರೀ!

ಹುಬ್ಬಳ್ಳಿಯಿಂದ:
ಹಾಗಾದರೆ ಸುಲಭ. ಎಸ್‌ಕ್ಯೂಎಲ್ ಸರ್ವರ್ ನಿರ್ವಹಿಸುವ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ಸರ್ವರ್ ಪ್ರಾಪರ್ಟೀಸ್, ಅದರಲ್ಲಿ ಸೆಕ್ಯುರಿಟಿ. ಎಸ್‌ಕ್ಯೂಎಲ್ ಮತ್ತು ವಿಂಡೋಸ್ ಎರಡೂ ಇರುವ ಆಯ್ಕೆ ಒತ್ತಿ. ಸರ್ವಿಸ್ ರೀಸ್ಟಾರ್ಟ್ ಮಾಡಲೇಬೇಕು, ಇಲ್ಲದಿದ್ದರೆ ಏನೂ ಬದಲಾಗುವುದಿಲ್ಲ.

ಗದಗದಿಂದ:
ಆಮೇಲೆ 5 ಬರಬಹುದು, ಗಾಬರಿಯಾಗಬೇಡಿ. ಲಾಗಿನ್ ಅಂದರೆ ಸರ್ವರ್‌ಗೆ ಪ್ರವೇಶ, ಯೂಸರ್ ಅಂದರೆ ಒಂದು ಡೇಟಾಬೇಸಿನೊಳಗಿನ ಹೆಸರು. ನಿಮ್ಮ ಬ್ಯಾಕಪ್‌ನಲ್ಲಿ ಯೂಸರ್ ಬಂದಿರುತ್ತದೆ, ಲಾಗಿನ್ ಬಂದಿರುವುದಿಲ್ಲ. ಲಾಗಿನ್ ಇರುವುದು ಸರ್ವರ್‌ನದೇ ಆದ ಮಾಸ್ಟರ್ ಡೇಟಾಬೇಸಿನಲ್ಲಿ. ಅದೇ ಹೆಸರಲ್ಲಿ ಹೊಸ ಲಾಗಿನ್ ಮಾಡಿ, 'ಆಲ್ಟರ್ ಯೂಸರ್' ಕಮಾಂಡಿನಲ್ಲಿ 'ವಿತ್ ಲಾಗಿನ್' ಕೊಟ್ಟು ಹಳೆಯ ಯೂಸರ್‌ಗೆ ಜೋಡಿಸಿ. ಅವಸರಕ್ಕೆ ಬಿಲ್ಲಿಂಗ್‌ಗೆ 'ಎಸ್‌ಎ' ಅನ್ನುವ ಅಡ್ಮಿನ್ ಲಾಗಿನ್ ಮಾತ್ರ ಕೊಡಬೇಡಿ, ಕೈ ಮುಗಿದು ಕೇಳುತ್ತೇನೆ. ಇಡೀ ಸರ್ವರ್ ಅದರ ಕೈಯಲ್ಲಿರುತ್ತದೆ.