ಮ್ಯೂಸಿಕಲ್ ಆಡಿಷನ್‌ನ ನೃತ್ಯ ಸುತ್ತಿನಲ್ಲಿ ಕಲಿತ ಹೆಜ್ಜೆಗಳೆಲ್ಲ ಮರೆತುಹೋಗುತ್ತವೆ, ಏನು ಮಾಡಲಿ?

ಮೂರನೇಸಾಲು ಕೇಳಿದ ಪ್ರಶ್ನೆ:

ನಾನು ಮೂಲತಃ ಗಾಯಕಿ. ನಟನೆಯನ್ನೂ ಕೆಲವು ವರ್ಷ ಕ್ರಮವಾಗಿ ಕಲಿತಿದ್ದೇನೆ. ಮ್ಯೂಸಿಕಲ್‌ಗಳ (ಹಾಡು, ಕುಣಿತ, ಮಾತು ಮೂರೂ ಇರುವ ನಾಟಕಗಳ) ಆಯ್ಕೆಗೆ ಹೋದಾಗಲೆಲ್ಲ 16 ಬಾರ್‌ಗಳ, ಅಂದರೆ ತಾಳದ 16 ಘಟಕಗಳಷ್ಟು ಉದ್ದದ, ಹಾಡಿನ ಸುತ್ತನ್ನು ಹೆಚ್ಚು ಕಷ್ಟವಿಲ್ಲದೆ ದಾಟುತ್ತೇನೆ, ನೃತ್ಯದ ಸುತ್ತಿನಲ್ಲಿ ಹೊರಬೀಳುತ್ತೇನೆ. ತಪ್ಪು ಎಲ್ಲಿ ಆಗುತ್ತಿದೆ ಎಂಬುದೇ ತಿಳಿಯದಿರುವುದರಿಂದ ಕಳೆದ ಬಾರಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಸುಮಾರು 40 ಮಂದಿಯನ್ನು ಒಂದೇ ಹಾಲ್‌ನಲ್ಲಿ ನಿಲ್ಲಿಸಿ, ಎದೆಗೆ ನಂಬರ್ ಚುಚ್ಚಿ, ಆರು ಎಂಟುಗಳ (ಒಂದರಿಂದ ಎಂಟರವರೆಗೆ ಎಣಿಸುವ ಆರು ತುಣುಕುಗಳ) ಒಂದು ಜಾಝ್ ಕಾಂಬಿನೇಷನ್ ಅನ್ನು, ಅಂದರೆ ಹೆಜ್ಜೆಗಳ ಸರಣಿಯನ್ನು, 20 ನಿಮಿಷಗಳಲ್ಲಿ ಕಲಿಸಿದರು. ಅದರಲ್ಲಿ ನನಗೆ ಗೊತ್ತಿಲ್ಲದ ಹೆಜ್ಜೆ ಒಂದೂ ಇರಲಿಲ್ಲ: ಶಾಸ್ಸೆ, ಪಾ ದ ಬೂರೆ, ಕಿಕ್ ಬಾಲ್ ಚೇಂಜ್, ಒಂದು ಪಿರುಯೆಟ್ (ಒಂಟಿ ಕಾಲಿನ ಮೇಲೆ ಸುತ್ತುವುದು). ಕನ್ನಡಿಯ ಮುಂದೆ ಎಲ್ಲರ ಜೊತೆ ಮಾಡುವಾಗ ಸರಿಯಾಗಿಯೇ ಬಂತು. ಆಮೇಲೆ ನಮ್ಮನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಕನ್ನಡಿಗೆ ಬೆನ್ನು ಹಾಕಿ, ಆಯ್ಕೆದಾರರ ಮೇಜಿನ ಕಡೆ ತಿರುಗಿಸಿ ಸಂಗೀತ ಹಾಕಿದರು. ಮೂರನೆಯ ಎಂಟು ಮುಗಿಯುವಷ್ಟರಲ್ಲಿ ಮುಂದೇನು ಎಂಬುದೇ ತಲೆಯಿಂದ ಹಾರಿಹೋಯಿತು. ಪಕ್ಕದವಳ ಕಾಲನ್ನು ನೋಡಿದೆ, ಅವಳೂ ತಪ್ಪಿದ್ದಳು. ವಿಚಿತ್ರವೆಂದರೆ ಅದೇ ರಾತ್ರಿ ಅಡುಗೆಮನೆಯಲ್ಲಿ ಇಡೀ ಕಾಂಬಿನೇಷನ್ ಅನ್ನು ಒಂದು ತಪ್ಪೂ ಇಲ್ಲದೆ ಮಾಡಿದೆ. ಕುಣಿಯಲಾರದವಳು ನೆಲ ಡೊಂಕು ಎಂದಂತೆ ಆಗಬಾರದೆಂದೇ ಕೇಳುತ್ತಿದ್ದೇನೆ: ನಾನು ಇನ್ನೂ ಎರಡು ವರ್ಷ ಬ್ಯಾಲೆ ಕಲಿಯಬೇಕೇ, ಅಥವಾ ಇದು ಬೇರೆಯೇ ಸಮಸ್ಯೆಯೇ?

ಎಂಟರೆಣಿಕೆ ಅವರ ಉತ್ತರ:

ಡಾನ್ಸ್ ಕ್ಯಾಪ್ಟನ್ (ತಂಡದ ನೃತ್ಯವನ್ನು ಕಲಿಸಿ ನೋಡಿಕೊಳ್ಳುವವರು) ಆಗಿ ಹಲವು ಆಡಿಷನ್‌ಗಳಲ್ಲಿ ಕಾಂಬಿನೇಷನ್ ಕಲಿಸಿದ್ದೇನೆ, ಅದಕ್ಕೂ ಮೊದಲು ನಂಬರ್ ಚುಚ್ಚಿಕೊಂಡು ನಿಂತೂ ಇದ್ದೇನೆ. ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಅಡುಗೆಮನೆಯಲ್ಲೇ ಇದೆ. ಅಲ್ಲಿ ಬಂದದ್ದು ಹಾಲ್‌ನಲ್ಲಿ ಬರಲಿಲ್ಲವೆಂದರೆ ನಿಮಗೆ ಕಡಿಮೆಯಿರುವುದು ತಂತ್ರವಲ್ಲ, ಬೇಗ ಗ್ರಹಿಸಿ ಬೇರೆ ಪರಿಸ್ಥಿತಿಯಲ್ಲಿ ಹೊರಹಾಕುವ ಅಭ್ಯಾಸ. ಬ್ಯಾಲೆ ತರಗತಿಗೆ ಅಗತ್ಯವಾಗಿ ಹೋಗಿ, ಆದರೆ ಒಬ್ಬರೇ ಗುರುಗಳ ಬಳಿ, ಒಂದೇ ಕನ್ನಡಿಯ ಮುಂದೆ, ವಾರಗಟ್ಟಲೆ ಒಂದೇ ನೃತ್ಯವನ್ನು ತಿದ್ದಿ ತೀಡುವ ತರಗತಿ ಈ ಅಭ್ಯಾಸವನ್ನು ಕಲಿಸುವುದಿಲ್ಲ.

ಆ 20 ನಿಮಿಷಗಳ ನಂತರ ಏನೇನು ಬದಲಾಯಿತು ಎಂದು ಗಮನಿಸಿ. ಕನ್ನಡಿ ಹೋಯಿತು, ಮುಂದೆ ನಿಂತು ಮಾಡಿ ತೋರಿಸುತ್ತಿದ್ದವರು ಹೋದರು, ಎದುರಿನ ದಿಕ್ಕು ಬದಲಾಯಿತು, ಬಾಯೆಣಿಕೆ ನಿಂತು ಸಂಗೀತ ಬಂತು. ನೀವು ಕಲಿತದ್ದು ಹೆಜ್ಜೆಗಳನ್ನಲ್ಲ, ಮುಂದಿನವರ ಬೆನ್ನನ್ನು ಅನುಸರಿಸುವುದನ್ನು. ಆ ಬೆನ್ನು ಹೋದೊಡನೆ ಕಲಿತದ್ದೂ ಹೋಯಿತು. ಆದ್ದರಿಂದ ಕಲಿಸುವ ಹೊತ್ತಿನಲ್ಲೇ, ಎರಡು ಮೂರು ಸಲ ನೋಡಿ ಮಾಡಿದ ಮೇಲೆ, ಒಂದು ಸಲ ಕಣ್ಣನ್ನು ಕಲಿಸುವವರಿಂದ ಬೇಕೆಂದೇ ತೆಗೆದು ನೆಲದಿಂದ ಮೇಲೆ, ಖಾಲಿ ಗೋಡೆಯ ಕಡೆ ಇಟ್ಟು ಮಾಡಿ. ಎಲ್ಲಿ ಕಡಿದುಹೋಗುತ್ತದೆಯೋ ಅದು ಆಗಲೇ ತಿಳಿಯುತ್ತದೆ, ಕೇಳಲು ಸಮಯವೂ ಇರುತ್ತದೆ.

ಕಡಿಯುವುದು ಹೆಚ್ಚಾಗಿ ಎಂಟರ ಒಳಗಲ್ಲ, ಒಂದು ಎಂಟು ಇನ್ನೊಂದಕ್ಕೆ ಸೇರುವ ಬೆಸುಗೆಯಲ್ಲಿ. ನೀವೂ ಮೂರನೆಯ ಎಂಟು ಮುಗಿಯುವಲ್ಲಿಯೇ ತಪ್ಪಿದ್ದೀರಿ. ಇದಕ್ಕೆ ಕಾರಣ ಸರಳವಾಗಿದೆ: ಕಲಿಸುವವರು ಒಂದೊಂದು ಎಂಟನ್ನು ಬಿಡಿಬಿಡಿಯಾಗಿ ಹೇಳಿಕೊಡುತ್ತಾರೆ, ನಾವೂ ಅದನ್ನು ಬಿಡಿಬಿಡಿಯಾಗಿಯೇ ನೆನಪಿಟ್ಟುಕೊಳ್ಳುತ್ತೇವೆ, ಹಾಗಾಗಿ ಏಳು, ಎಂಟು, ಒಂದು, ಎರಡು ಎಂಬ ನಾಲ್ಕು ಎಣಿಕೆಗಳು ಒಟ್ಟಾಗಿ ಅಭ್ಯಾಸವಾಗುವುದೇ ಇಲ್ಲ. ನಿಮ್ಮ ಸರದಿಗಾಗಿ ಬದಿಯಲ್ಲಿ ಕಾಯುವಾಗ ಇಡೀ ಕಾಂಬಿನೇಷನ್ ಅನ್ನು ಮೊದಲಿನಿಂದ ಮಾಡುತ್ತಾ ಆಯಾಸಪಡುವ ಬದಲು ಈ ಬೆಸುಗೆಗಳನ್ನು ಮಾತ್ರ ಕಾಲಿನಲ್ಲಿ ಸಣ್ಣದಾಗಿ ಮಾರ್ಕ್ ಮಾಡಿ (ಪೂರ್ತಿ ಬಲ ಹಾಕದೆ ಗುರುತಿಗಷ್ಟೇ ಮಾಡಿ), ಎಂಟನೆಯ ಎಣಿಕೆಯಲ್ಲಿ ದೇಹದ ಭಾರ ಯಾವ ಕಾಲಿನ ಮೇಲಿದೆ, ಬಿಡುವಾಗಿರುವ ಕಾಲು ಯಾವುದು ಎಂಬುದನ್ನು ಖಚಿತಪಡಿಸಿಕೊಳ್ಳಿ. ಭಾರ ಸರಿಯಿದ್ದರೆ ಮುಂದಿನ ಹೆಜ್ಜೆ ತಪ್ಪು ಕಾಲಿನಲ್ಲಿ ಹೊರಡಲು ಸಾಧ್ಯವೇ ಇಲ್ಲ. ಕಲಿಯುವಾಗಲೂ ಮೊದಲು ಕಾಲು ಮತ್ತು ಭಾರ, ನಂತರ ದಿಕ್ಕು, ಕೊನೆಗೆ ಕೈ ಮತ್ತು ತಲೆ. ಕೈ ತಪ್ಪಿದರೆ ನಾವು ಕ್ಷಮಿಸುತ್ತೇವೆ, ಕಾಲು ತಪ್ಪಿದವರು ಪಕ್ಕದವರಿಗೆ ಡಿಕ್ಕಿ ಹೊಡೆಯುತ್ತಾರೆ.

ಗಾಯಕಿಯಾಗಿ ನಿಮಗೆ ಒಂದು ಅನುಕೂಲವಿದೆ, ಅದನ್ನು ನೀವು ಬಳಸುತ್ತಿಲ್ಲವೆಂದು ಕಾಣುತ್ತದೆ. ಅಂಕಿಗಳು ಎಲ್ಲವೂ ಒಂದೇ ರೀತಿ ಇರುತ್ತವೆ. ನಾಲ್ಕನೆಯ ಎಂಟಿನ ಐದಕ್ಕೂ ಎರಡನೆಯ ಎಂಟಿನ ಐದಕ್ಕೂ ಕಿವಿಗೆ ವ್ಯತ್ಯಾಸವಿಲ್ಲ. ರಾಗ ಹಾಗಲ್ಲ. ಹೆಜ್ಜೆಗಳನ್ನು ಅಂಕಿಗೆ ಕಟ್ಟುವುದರ ಜೊತೆಗೆ ಬಾಯಿತಾಳಕ್ಕೂ ಕಟ್ಟಿ, ಅಂದರೆ ದಾ, ಡಗಡ, ಪಾ ಎಂಬಂತೆ ಯಾವ ಹೆಜ್ಜೆ ಉದ್ದ, ಯಾವುದು ಚುಟುಕು, ಯಾವುದಕ್ಕೆ ಒತ್ತು ಎಂಬುದನ್ನು ಮೆಲ್ಲಗೆ ಹೇಳಿಕೊಳ್ಳಿ. ಸಂಗೀತ ಹಾಕಿದೊಡನೆ ಈ ವಾದ್ಯ ಬಂದಾಗ ತಿರುಗು, ಈ ಜಾಗದಲ್ಲಿ ಕಿಕ್ ಎಂದು ಗುರುತು ಹಾಕಿಕೊಳ್ಳಿ.

ಮನೆಯ ಅಭ್ಯಾಸಕ್ಕೆ: ಪರಿಚಯವಿಲ್ಲದ ಶಿಕ್ಷಕರ ಬಿಡಿ ತರಗತಿಗಳಿಗೆ ಹೋಗಿ, ಹೊಸ ಕೈಬರಹವನ್ನು ಓದಲು ಕಲಿಯುವ ಹಾಗೆ. ವಿಡಿಯೊದಿಂದ ಕಲಿಯುವುದಾದರೆ ನಿಲ್ಲಿಸದೆ ಮೂರೇ ಸಲ ನೋಡಿ, ನಂತರ ಪರದೆ ಮುಚ್ಚಿ, ಬೇರೆ ಗೋಡೆಯ ಕಡೆ ತಿರುಗಿ ಮಾಡಿ. ಮೊದಲ ಕೆಲವು ವಾರ ಇದು ಅವಮಾನಕರವಾಗಿರುತ್ತದೆ.

ನೇಪಥ್ಯ ಅವರ ಉತ್ತರ:

ಮೇಲಿನದೆಲ್ಲ ಸರಿ. ಆ ದಿನದ ಕೆಲವು ಸಣ್ಣ ವಿಷಯಗಳನ್ನು ಸೇರಿಸುತ್ತೇನೆ.

ಮೊದಲ ಸಾಲಿಗೆ ನುಗ್ಗಬೇಕೆಂದು ಎಲ್ಲರೂ ಹೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಎರಡನೆಯ ಸಾಲಿನಲ್ಲಿ, ಕಲಿಸುವವರ ಕಾಲು ಪೂರ್ತಿ ಕಾಣುವ ಸಂದಿಯಲ್ಲಿ ನಿಲ್ಲುವುದು ಉತ್ತಮ. ಸಾಮಾನ್ಯವಾಗಿ ಸಾಲುಗಳನ್ನು ಹಿಂದುಮುಂದು ಬದಲಿಸುತ್ತಾರೆ, ಹಾಗಾಗಿ ನಿಮ್ಮ ಸಾಲು ಮುಂದೆ ಬರುವ ಹೊತ್ತಿಗೆ ಒಂದಿಷ್ಟು ಕಲಿತಿರುತ್ತೀರಿ. ಸಾಲು ಬದಲಿಸಲು ಹೇಳಿದಾಗ ಹಿಂದೆಯೇ ಅಂಟಿಕೊಳ್ಳುವವರೂ ಮುಂದಿನಿಂದ ಕದಲದವರೂ ಅಷ್ಟೇ ಬೇಗ ಮೇಜಿನವರ ಕಣ್ಣಿಗೆ ಬೀಳುತ್ತಾರೆ.

ಶೂ ವಿಷಯದಲ್ಲಿ ಪ್ರಕಟಣೆಯನ್ನು ಎರಡು ಸಲ ಓದಿ. ಜಾಝ್ ಶೂ, ಹಿಮ್ಮಡಿಯಿರುವ ಕ್ಯಾರೆಕ್ಟರ್ ಶೂ, ಅಡಿಯ ಲೋಹದ ತುಂಡಿನಿಂದ ಸದ್ದು ಮಾಡುವ ಟ್ಯಾಪ್ ಶೂ ಮೂರನ್ನೂ ಚೀಲದಲ್ಲಿಟ್ಟುಕೊಂಡು ಹೋಗುವುದು ಕ್ಷೇಮ, ಆದರೆ ಹೊಸ ಹಿಮ್ಮಡಿಯ ಶೂವನ್ನು ಅಂದೇ ಮೊದಲು ತೊಡಬೇಡಿ. ಹಿಮ್ಮಡಿ ಎತ್ತರವಾದೊಡನೆ ದೇಹದ ಭಾರ ಮುಂಗಾಲಿಗೆ ಜಾರುತ್ತದೆ, ಬರಿಗಾಲಿನಲ್ಲಿ ನಿಲ್ಲುತ್ತಿದ್ದ ಪಿರುಯೆಟ್ ಅಲ್ಲಿ ನಿಲ್ಲುವುದಿಲ್ಲ. ಬಟ್ಟೆ ಮೈಯ ಗೆರೆ ಕಾಣುವಂತಿರಲಿ. ಜೋಲುವ ಪ್ಯಾಂಟಿನೊಳಗೆ ಮಂಡಿ ಮಡಚಿದೆಯೋ ಚಾಚಿದೆಯೋ ಯಾರಿಗೂ ತಿಳಿಯುವುದಿಲ್ಲ. ಅರ್ಧ ಗಂಟೆ ಮೊದಲೇ ತಲುಪಿ ಮೈ ಬಿಸಿ ಮಾಡಿಕೊಳ್ಳಿ, ಆದರೆ ತಣ್ಣಗಿರುವ ಸ್ನಾಯುವನ್ನು ನೆಲದ ಮೇಲೆ ಕುಳಿತು ಬಹಳ ಹೊತ್ತು ಎಳೆದು ಹಿಡಿಯಬೇಡಿ. ಅದರಿಂದ ಜಿಗಿತದ ಬಲ ಸ್ವಲ್ಪ ಹೊತ್ತಿಗಾದರೂ ತಗ್ಗುತ್ತದೆ. ನಡಿಗೆ, ಲಘು ಜಿಗಿತ, ಕಾಲು ಬೀಸುವುದು ಸಾಕು.

ಓರೆಟೋಪಿ ಅವರ ಉತ್ತರ:

ನಾನು ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯ ಹೇಳಬೇಕಾಗಿದೆ. ಇಲ್ಲಿಯವರೆಗಿನ ಸಲಹೆಗಳೆಲ್ಲ ನೆನಪಿನ ಬಗ್ಗೆ ಇವೆ, ಆದರೆ ಪ್ರಶ್ನೆ ಕೇಳಿದವರು ಆ ನೃತ್ಯದಲ್ಲಿ ತಾವು ಯಾರಾಗಿದ್ದರು ಎಂಬುದನ್ನು ಒಂದು ಮಾತಿನಲ್ಲೂ ಹೇಳಿಲ್ಲ. ನಟನೆ ಕಲಿತವರು ಇದನ್ನು ಬಿಟ್ಟದ್ದು ನನಗೆ ಆಶ್ಚರ್ಯ ತಂದಿತು.

ಕಲಿಸಿ ಮುಗಿಸುವ ಹೊತ್ತಿಗೆ ಕೋರಿಯೋಗ್ರಾಫರ್ ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ಸನ್ನಿವೇಶ ಹೇಳುತ್ತಾರೆ: ನೀವೆಲ್ಲ ಕಾರ್ಖಾನೆಯಿಂದ ಹೊರಬಂದ ಕೆಲಸಗಾರರು, ಅಥವಾ ನಿಮಗೆ ಬೇಡವಾದವನೊಬ್ಬ ಈಗಷ್ಟೇ ಕೋಣೆಗೆ ಬಂದ. ಎದುರಿಗಿರುವ ಬಹುಪಾಲು ಜನ ಆ ಹೊತ್ತಿನಲ್ಲಿ ಎಣಿಸುತ್ತಿರುತ್ತಾರೆ, ಆ ವಾಕ್ಯ ಅವರ ಕಿವಿಗೆ ಬೀಳುವುದೇ ಇಲ್ಲ. ಅಲ್ಲಿ ಕೇಳುತ್ತಿರುವುದು ಅಲಂಕಾರವನ್ನಲ್ಲ. 1943ರಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿಯಲ್ಲಿ ತೆರೆಕಂಡ ‘ಓಕ್ಲಹೋಮ’ ಎಂಬ ಮ್ಯೂಸಿಕಲ್‌ನಲ್ಲಿ ಆಗ್ನೆಸ್ ಡಿ ಮಿಲ್ ಸಂಯೋಜಿಸಿದ ಕನಸಿನ ಬ್ಯಾಲೆ, ನಾಯಕಿ ಬಾಯಿಬಿಟ್ಟು ಹೇಳಲಾರದ ಭಯವನ್ನು ಕುಣಿತದಲ್ಲೇ ತೋರಿಸಿತು, ಕಥೆಯನ್ನು ನಿಲ್ಲಿಸದೆ ಕಥೆಯನ್ನೇ ಹೊತ್ತು ನಡೆಯುವ ನೃತ್ಯ ಅಂದಿನಿಂದ ಈ ಪ್ರಕಾರದ ಮುಖ್ಯ ನಿರೀಕ್ಷೆಗಳಲ್ಲಿ ಒಂದಾಗಿದೆ. ನಟಿಯಾಗಿ ನಿಮಗೆ ಇದು ಹೊರೆಯಲ್ಲ, ಆಸರೆ. ಮೂರನೆಯ ಎಂಟಿನ ಕೊನೆಯಲ್ಲಿ ನೀವು ಏಕೆ ತಿರುಗುತ್ತೀರಿ ಎಂಬುದಕ್ಕೆ ಕಾರಣವಿದ್ದರೆ, ತಿರುಗುವುದನ್ನು ಮರೆಯುವುದು ಕಷ್ಟ.

ತಪ್ಪಿದಾಗ ನಗುತ್ತಾ ಮುಂದುವರಿಯಿರಿ ಎಂಬ ಜನಪ್ರಿಯ ಸಲಹೆಯನ್ನೂ ನಾನು ಒಪ್ಪುವುದಿಲ್ಲ. ಮುಂದುವರಿಯಬೇಕು, ನಿಜ, ಆದರೆ ಅಮೆರಿಕದ ನೃತ್ಯ ಸಂಯೋಜಕ ಬಾಬ್ ಫಾಸಿಯ ಶೈಲಿಯ ಕಾಂಬಿನೇಷನ್ ಕೊಟ್ಟಿದ್ದಾರೆ ಎಂದುಕೊಳ್ಳಿ. ಒಳಮುಖವಾಗಿ ತಿರುಗಿದ ಮಂಡಿ, ಬಾಗಿದ ಭುಜ, ಓರೆಯಾದ ಟೋಪಿ, ಒಂದು ಮಣಿಕಟ್ಟು ಮಾತ್ರ ಚಲಿಸುವ ಸಂಯಮ, ಇವುಗಳ ಮೇಲೆ ಹಲ್ಲು ಕಾಣುವ ಹಬ್ಬದ ನಗು ಇಟ್ಟರೆ ಹೆಜ್ಜೆ ತಪ್ಪಿದ್ದಕ್ಕಿಂತ ಅದೇ ದೊಡ್ಡ ತಪ್ಪಾಗುತ್ತದೆ. ತಪ್ಪಿದ ಕ್ಷಣದಲ್ಲಿ ಮುಖ ಆ ಪಾತ್ರದ ಮುಖವೇ ಆಗಿರಲಿ, ತಾಳ ಕಾಲಿನಲ್ಲಿ ಉಳಿಯಲಿ, ಮುಂದಿನ ಎಂಟಿನ ಒಂದಕ್ಕೆ ಸೇರಿಕೊಳ್ಳಿ. ಟ್ಯಾಪ್‌ನಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಅಲ್ಲಿ ನಿಮ್ಮ ತಪ್ಪು ಕಾಣುವುದಕ್ಕಿಂತ ಮೊದಲು ಕೇಳಿಸುತ್ತದೆ. ಗೊತ್ತಿಲ್ಲದ ಹೆಜ್ಜೆಯನ್ನು ಗಡಿಬಿಡಿಯಲ್ಲಿ ಬಡಿಯುವುದಕ್ಕಿಂತ ಸದ್ದು ಕಡಿಮೆ ಮಾಡಿ ತಾಳಕ್ಕೆ ಸರಳವಾಗಿ ಹೆಜ್ಜೆ ಹಾಕಿದವರು ಉಳಿಯುತ್ತಾರೆ.

ಮೂರನೇಸಾಲು:

ಎಲ್ಲರಿಗೂ ಕೃತಜ್ಞತೆಗಳು. ಓರೆಟೋಪಿಯವರು ಹೇಳಿದ್ದು ನಿಜ, ಅಂದು ಸನ್ನಿವೇಶವನ್ನು ಹೇಳಿದ್ದರೋ ಇಲ್ಲವೋ ಎಂಬುದೂ ನನಗೆ ನೆನಪಿಲ್ಲ. ಇನ್ನೆರಡು ಸಂದೇಹಗಳಿವೆ. ಕೆಲವು ಕಾಂಬಿನೇಷನ್‌ಗಳಲ್ಲಿ ಎರಡು ಸುತ್ತಿನ ಪಿರುಯೆಟ್ ಇರುತ್ತದೆ, ನನಗೆ ಒಂದು ಸುತ್ತು ಮಾತ್ರ ಚೊಕ್ಕವಾಗಿ ಬರುತ್ತದೆ. ಮತ್ತೆ, ನೃತ್ಯ ಮುಗಿಸಿ ಉಸಿರು ಮೇಲುಕೆಳಗಾಗಿರುವಾಗಲೇ ಹಾಡಲು ಕರೆದರೆ ಏನು ಮಾಡಬೇಕು?

ಎಂಟರೆಣಿಕೆ:

ಒಂದೇ ಸುತ್ತು ಮಾಡಿ. ನಾವೇ ಅನೇಕ ಸಲ ಒಂದು ಅಥವಾ ಎರಡು, ನಿಮ್ಮ ಇಷ್ಟ ಎಂದು ಹೇಳುತ್ತೇವೆ. ಅದು ಸೌಜನ್ಯದ ಮಾತಲ್ಲ. ತೂರಾಡುತ್ತಾ ಮುಗಿಸಿದ ಎರಡು ಸುತ್ತು ಮುಂದಿನ ಎಣಿಕೆಗೆ ತಡವಾಗುತ್ತದೆ, ಚೊಕ್ಕವಾದ ಒಂದು ಸುತ್ತು ಸಮಯಕ್ಕೆ ಸರಿಯಾಗಿ ನಿಲ್ಲುತ್ತದೆ. ಪ್ರಕಟಣೆಯಲ್ಲಿ ಪರಿಣತ ನರ್ತಕರು ಬೇಕು ಎಂದಿದೆಯೋ, ಚೆನ್ನಾಗಿ ಚಲಿಸಬಲ್ಲ ಗಾಯಕರು ಬೇಕು ಎಂದಿದೆಯೋ ನೋಡಿ. ಎರಡನೆಯದಾದರೆ ನಿಮ್ಮಿಂದ ಎರಡು ಸುತ್ತನ್ನು ಯಾರೂ ನಿರೀಕ್ಷಿಸುತ್ತಿರುವುದಿಲ್ಲ. ಮೊದಲನೆಯದಾದರೆ ಈಗಲೇ ಹೋಗಬೇಕೇ ಎಂದು ಯೋಚಿಸಿ. ಹೋದರೂ ಅದನ್ನು ಕಲಿಕೆ ಎಂದೇ ತಿಳಿಯಿರಿ.

ಕೊನೆಯ ಭಂಗಿಯನ್ನು ಸಂಗೀತ ನಿಂತ ಮೇಲೂ ಎರಡು ಮೂರು ಕ್ಷಣ ಹಿಡಿದಿಡಿ. ತಪ್ಪು ಮಾಡಿದವರು ಅಲ್ಲೇ ಮುಖ ಸಿಂಡರಿಸಿ ತಲೆ ಅಲ್ಲಾಡಿಸುತ್ತಾರೆ. ಮೇಜಿನಲ್ಲಿ ಕುಳಿತ ನಮಗೆ ಎಷ್ಟೋ ಸಲ ತಪ್ಪು ಆಗಿದೆ ಎಂದು ತಿಳಿಯುವುದೇ ಆ ತಲೆ ಅಲ್ಲಾಡಿಸುವುದರಿಂದ.

ನೇಪಥ್ಯ:

ಉಸಿರಿನ ಬಗ್ಗೆ: ಬಾಗಿಲು ದಾಟುವ ಮೊದಲು ಒಳಕ್ಕೆ ಎಳೆಯುವುದಕ್ಕಿಂತ ಹೊರಬಿಡುವುದನ್ನು ದೀರ್ಘ ಮಾಡಿ, ಒಂದು ಗುಟುಕು ನೀರು ಕುಡಿಯಿರಿ, ಪಿಯಾನೊ ನುಡಿಸುವವರ ಬಳಿ ಹೋಗಿ ಸ್ವರಲಿಪಿಯನ್ನು ತೋರಿಸಿ ನಿಮ್ಮ ಲಯವನ್ನು ಅವಸರವಿಲ್ಲದೆ ಹೇಳಿ. ಆ ಅರ್ಧ ನಿಮಿಷ ನಿಮ್ಮದೇ, ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಮನೆಯಲ್ಲಿ ವಾರಕ್ಕೆ ಒಂದೆರಡು ಸಲ ಮೆಟ್ಟಿಲು ಹತ್ತಿ ಇಳಿದ ಕೂಡಲೇ ಆ 16 ಬಾರ್‌ಗಳನ್ನು ಹಾಡಿ ನೋಡಿ. ಎಲ್ಲಿ ಉಸಿರು ಸಾಲದೆ ಪದ ಮುರಿಯುತ್ತದೆ ಎಂಬುದು ಮೊದಲೇ ಗೊತ್ತಾದರೆ ಅಲ್ಲಿ ಇನ್ನೊಂದು ಉಸಿರನ್ನು ಗುರುತು ಮಾಡಿಕೊಳ್ಳಬಹುದು.

ಹೊರಗೆ ಬಂದ ಮೇಲೆ ಕಾಂಬಿನೇಷನ್ ಅನ್ನು ಫೋನಿನಲ್ಲಿ ನೀವೇ ಮಾಡಿ ಚಿತ್ರೀಕರಿಸಿಕೊಳ್ಳಿ, ಕೋರಿಯೋಗ್ರಾಫರ್ ಹೇಳಿದ ಸನ್ನಿವೇಶವನ್ನೂ ಬರೆದಿಡಿ. ಕಾಲ್‌ಬ್ಯಾಕ್‌ಗೆ, ಅಂದರೆ ಮುಂದಿನ ಆಯ್ಕೆ ಸುತ್ತಿಗೆ, ಕರೆದರೆ ಅದೇ ಕಾಂಬಿನೇಷನ್ ಅನ್ನು ಮತ್ತೆ ಕೇಳುವ ಸಾಧ್ಯತೆಯಿದೆ. ಅಂದು ತೊಟ್ಟಿದ್ದ ಬಟ್ಟೆಯನ್ನೇ ತೊಟ್ಟು ಹೋಗಿ. ಮೇಜಿನವರ ಟಿಪ್ಪಣಿಯಲ್ಲಿ ನೀವು ಇನ್ನೂ ಹೆಸರಾಗಿರದೆ ಹಸಿರು ಮೇಲಂಗಿಯ ಹುಡುಗಿಯಾಗಿರಬಹುದು.