ಮಾರ್ವಾರಿ ಹೆಣ್ಣು ಕುದುರೆ: "7 ತಿಂಗಳ ಗಬ್ಬ" ಅಂದರೆ ನಂಬಬಹುದಾ?

ಭೀಮಾತೀರ:
ಇಂಡಿ ಕಡೆ ಒಬ್ಬರ ಹತ್ತಿರ ಮಾರ್ವಾರಿ ತಳಿಯ ಹೆಣ್ಣು ಕುದುರೆ ಇದೆ. ಎತ್ತರ 60 ಇಂಚು, ವಯಸ್ಸು 8 ಅನ್ನುತ್ತಾರೆ. ಮಹಾರಾಷ್ಟ್ರದ ಅಕಲೂಜ್ ಕುದುರೆ ಬಜಾರದಿಂದ ತಂದದ್ದಂತೆ. 7 ತಿಂಗಳ ಗಬ್ಬ ಅಂತ ರೇಟು ಏರಿಸಿದ್ದಾರೆ. ಕಾಗದ ಪತ್ರ ಏನೂ ಇಲ್ಲ. ನನಗೆ ಸವಾರಿಗೆ ಬೇಡ, ಮರಿಗಾಗಿಯೇ ಬೇಕು. ಮುಂಗಡ ಕೊಡುವ ಮೊದಲು ಏನೇನು ನೋಡಲಿ?

ಕರಿಲಾಳ:
ಮೊದಲು ಬಾಯಿ ಬಿಡಿಸಿ. ಮೇಲಿನ ಸಾಲಿನ ಮೂಲೆ ಹಲ್ಲಿನಲ್ಲಿ ಒಸಡಿನ ಹತ್ತಿರ ಕಂದು ಬಣ್ಣದ ಉದ್ದ ಗೆರೆ ಶುರುವಾಗಿದ್ದರೆ ಸುಮಾರು 10 ವರ್ಷ, ಗೆರೆ ಅರ್ಧ ಹಲ್ಲಿಗೆ ಇಳಿದಿದ್ದರೆ ಸುಮಾರು 15. 8 ವರ್ಷದ್ದಕ್ಕೆ ಆ ಗೆರೆ ಇರಬಾರದು. ವಯಸ್ಸಾಗಿಯೂ ಒಂದೂ ಮರಿ ಹಾಕದ ಕುದುರೆಯಾದರೆ ಎಷ್ಟೇ ಚಂದ ಇರಲಿ, ಬಿಡಿ.

ಆಮೇಲೆ ಬಾಲ ಎತ್ತಿ ನೋಡಿ. ಯೋನಿಯ ತುಟಿಗಳು ನೆಟ್ಟಗೆ, ಬಿಗಿಯಾಗಿ ಕೂಡಿರಬೇಕು. ಗುದ ಒಳಕ್ಕೆ ಸೇದಿಕೊಂಡು ಯೋನಿ ಹಿಂದಕ್ಕೆ ಓರೆಯಾಗಿದ್ದರೆ ಸಗಣಿ, ಗಾಳಿ ಒಳಗೆ ಹೋಗಿ ಗರ್ಭಕೋಶಕ್ಕೆ ಸೋಂಕು ಹತ್ತುತ್ತದೆ. ಅಂಥದ್ದು ಬೆದೆಗೆ ಬಂದರೂ ಗಬ್ಬ ನಿಲ್ಲುವುದು ಕಷ್ಟ, ನಿಂತರೂ ಕಂದು ಹಾಕಬಹುದು. ಮೇಲ್ಭಾಗಕ್ಕೆ ಹೊಲಿಗೆ ಹಾಕಿ ಸರಿಪಡಿಸುತ್ತಾರೆ, ಆದರೆ ಮರಿ ಹಾಕುವ ಮುಂಚೆ ಹೊಲಿಗೆ ಬಿಚ್ಚಲೇಬೇಕು. ಈಗಾಗಲೇ ಹೊಲಿಗೆಯ ಗುರುತಿದ್ದರೆ ಯಾಕೆ ಅಂತ ಕೇಳಿ.

ಸುಳಿ (ಮೈಮೇಲಿನ ಕೂದಲ ಸುರುಳಿ, ಅದನ್ನು ನೋಡಿ ಶುಭ-ಅಶುಭ ಹೇಳುತ್ತಾರೆ) ವಿಷಯ: ಮರಿ ಹಾಕುವುದಕ್ಕೂ ಸುಳಿಗೂ ಸಂಬಂಧವಿಲ್ಲ. ಆದರೆ ಮುಂದೆ ಮಾರಲು ಹೋದಾಗ ಬಂದವರು ಮೊದಲು ನೋಡುವುದೇ ಅದನ್ನ.

ಭೀಮಾತೀರ:
ಸ್ಕ್ಯಾನಿಂಗ್ ಮಾಡಿಸೋಣ ಅಂದೆ. ಕೈ ಹಾಕಿದರೆ ಕಂದು ಹಾಕುತ್ತೆ ಅಂತ ಒಪ್ಪುತ್ತಿಲ್ಲ.

ಪಶುಡಾಕ್ಟರ್:
ಅದು ನೆಪ. ಸರಿಯಾಗಿ ಮಾಡಿದ ಪರೀಕ್ಷೆಯಿಂದ ಗರ್ಭ ಬೀಳುವುದಿಲ್ಲ. ಅಪಾಯ ಇರುವುದು ಬೇರೆ ಕಡೆ: ಈ ಪರೀಕ್ಷೆಗೆ ಗುದದ ಮೂಲಕ ಕೈ ಹಾಕಬೇಕು, ಕುದುರೆಯ ಗುದನಾಳ ಬಲು ನಾಜೂಕು, ಹರಿದರೆ ಪ್ರಾಣಕ್ಕೇ ಕುತ್ತು. ಬರೀ ಹಸು-ಎಮ್ಮೆಗೆ ಕೈ ಹಾಕಿ ಗೊತ್ತಿರುವವರ ಕೈಗೆ ಕೊಡಬೇಡಿ, ಕುದುರೆ ನೋಡುವ ಡಾಕ್ಟರನ್ನೇ ಕರೆಸಿ.

ಹೊಟ್ಟೆಯ ಗಾತ್ರ ನೋಡಿ ನಂಬಬೇಡಿ. ಬರೀ ಒಣಹುಲ್ಲು ತಿಂದ ಕುದುರೆಗೂ ಹೊಟ್ಟೆ ಜೋತಿರುತ್ತದೆ, ಜಂತುಹುಳ ಇದ್ದರೂ ಅಷ್ಟೇ. ಗರ್ಭದ ಅವಧಿ ಸುಮಾರು 340 ದಿನ. ಯಾವ ತಾರೀಖಿಗೆ, ಯಾವ ಗಂಡಿಗೆ ಕೊಡಿಸಿದ್ದು ಅಂತ ಬರೆಸಿಕೊಳ್ಳಿ. ಅದು ಸಿಗದಿದ್ದರೆ ಗಬ್ಬಕ್ಕೆ ಅಂತ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ, ಖಾಲಿ ಕುದುರೆ ಅಂತಲೇ ಲೆಕ್ಕ ಹಾಕಿ.

ಗ್ಲ್ಯಾಂಡರ್ಸ್ ಪರೀಕ್ಷೆ ತಪ್ಪಿಸಬೇಡಿ. ಮನುಷ್ಯರಿಗೂ ಹರಡುವ ರೋಗ. ಬಂದ ಕುದುರೆಗೆ ಚಿಕಿತ್ಸೆಯಿಲ್ಲ, ಸರ್ಕಾರಿ ನಿಯಮದಂತೆ ದಯಾಮರಣವೇ. ಪಶು ಆಸ್ಪತ್ರೆಯ ಮೂಲಕವೇ ರಕ್ತದ ಮಾದರಿ ಕಳಿಸಿ. ವರದಿ ಕೈಗೆ ಬರುವ ತನಕ ಕುದುರೆ ಅವರ ಲಾಯದಲ್ಲೇ ಇರಲಿ. ಬಜಾರದಲ್ಲಿ ಹತ್ತಾರು ಊರಿನ ಕುದುರೆ ಒಂದೇ ತೊಟ್ಟಿಯ ನೀರು ಕುಡಿದಿರುತ್ತವೆ, ಅದಕ್ಕೇ ಇಷ್ಟು ಹೇಳುವುದು. ಅದೇ ರಕ್ತದಲ್ಲಿ ಸರ್ರಾ ರೋಗಕ್ಕೂ (ಕಚ್ಚುವ ನೊಣಗಳಿಂದ ಹರಡುವ ರಕ್ತದ ರೋಗ) ನೋಡಿಸಿ.

ಕರಿಲಾಳ:
ಇನ್ನೊಂದು. ಒಮ್ಮೆ ಹೇಳದೆ ಕೇಳದೆ ಹೋಗಿ, ಗಟ್ಟಿ ನೆಲದ ಮೇಲೆ ನಡೆಸಿ ನೋಡಿ. ನೋವಿನ ಇಂಜೆಕ್ಷನ್ ಕೊಟ್ಟರೆ ಆ ಹೊತ್ತಿಗೆ ಕುಂಟು ಕಾಣುವುದಿಲ್ಲ.

ನನ್ನ ಕೇಳಿದರೆ, ಗಬ್ಬದ್ದಕ್ಕಿಂತ ಕಾಲಡಿ ಮರಿ ಇರುವ ಕುದುರೆ ಹುಡುಕಿ. ಗಬ್ಬ ನಿಂತಿದ್ದು, ಹಾಲು ಇರುವುದು, ಮರಿಯನ್ನು ಹತ್ತಿರ ಬಿಡುವುದು, ಮೂರೂ ಕಣ್ಣೆದುರೇ ಇರುತ್ತವೆ. ಎರಡೂ ಮೊಲೆ ಮುಟ್ಟಿ ನೋಡಿ, ಒಂದು ಗಟ್ಟಿಯಾಗಿದ್ದರೆ ಕೆಚ್ಚಲು ಬಾವು ಆಗಿ ಹೋಗಿರಬಹುದು.

ಪಶುಡಾಕ್ಟರ್:
ಇದನ್ನೇ ಕೊಳ್ಳುವುದಾದರೆ, ಮರಿ ಹಾಕಲು ಕನಿಷ್ಠ 6 ವಾರ ಇರುವಾಗಲೇ ಮನೆಗೆ ತನ್ನಿ. ನಿಮ್ಮ ಲಾಯದ ರೋಗಾಣುಗಳಿಗೆ ತಾಯಿಯ ಮೈಯಲ್ಲಿ ಪ್ರತಿರೋಧ ಬೆಳೆದು ಗಿಣ್ಣು ಹಾಲಿಗೆ ಇಳಿಯಲು ಅಷ್ಟು ದಿನ ಬೇಕು. ಧನುರ್ವಾಯು ಚುಚ್ಚುಮದ್ದನ್ನೂ ಆ ಹೊತ್ತಿಗೇ ಕೊಡಿಸಿ. ಮೊದಲ 3 ವಾರ ಬೇರೆ ಕುದುರೆಗಳಿಂದ ದೂರ ಕಟ್ಟಿ, ಬಕೆಟ್ಟು, ಬ್ರಷ್ಷು ಎಲ್ಲ ಬೇರೆಯೇ ಇರಲಿ.