ಸೈಕಲ್ ಪಕ್ಕ ನಾಯಿ ಓಡಿಸುವುದು: ಮಾಡಿ ನೋಡಿದವರು ಏನಂತೀರಿ?

ಪ್ರಶ್ನೆ, ಧಾರವಾಡದಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮುಧೋಳ ತಳಿಯ ಹೆಣ್ಣು ನಾಯಿ ಇದೆ, ಹತ್ತು ತಿಂಗಳು. ಎಷ್ಟು ವಾಕಿಂಗ್ ಮಾಡಿಸಿದರೂ ಸಾಲದು. ಮನೆಗೆ ಬಂದ ಮೇಲೂ ಅಂಗಳ ಸುತ್ತುತ್ತಲೇ ಇರುತ್ತಾಳೆ. ನಾನು ದಿನಾ ಬೆಳಿಗ್ಗೆ ಸೈಕಲ್ ಹೊಡೆಯುತ್ತೇನೆ. ಜೊತೆಗೆ ಅವಳನ್ನೂ ಓಡಿಸಬಹುದಾ? ಹೇಗೆ ಕಲಿಸಬೇಕು? ಹಗ್ಗ ಎಲ್ಲಿ ಕಟ್ಟಬೇಕು?

ಮೈಸೂರಿನಿಂದ:
ಓಡಿಸಬಹುದು ಸರ್, ಆದರೆ ಈಗಲೇ ಬೇಡ. ಮರಿಗಳ ಕಾಲಿನ ಮೂಳೆ ತುದಿಯಲ್ಲಿ ಇನ್ನೂ ಬೆಳೆಯುತ್ತಿರುವ ಮೆತ್ತನೆಯ ಭಾಗ ಇರುತ್ತದೆ. ಅದು ಗಟ್ಟಿಯಾಗಲು ಒಂದರಿಂದ ಒಂದೂವರೆ ವರ್ಷ ಬೇಕು, ಭಾರೀ ಗಾತ್ರದ ತಳಿಗಳಿಗೆ ಇನ್ನೂ ಜಾಸ್ತಿ. ಮೈದಾನದಲ್ಲಿ ತಾನಾಗಿ ಓಡಿ, ನಿಂತು, ಮೂಸಿ, ಮತ್ತೆ ಓಡುವುದು ಬೇರೆ. ಟಾರು ರಸ್ತೆ ಮೇಲೆ ನಮ್ಮ ಚಕ್ರದ ಲೆಕ್ಕಕ್ಕೆ ಒಂದೇ ಸಮನೆ ಓಡುವುದು ಬೇರೆ. ಎರಡನೆಯದು ಎಳೆ ಕೀಲಿಗೆ ಒಳ್ಳೆಯದಲ್ಲ.

ಹಾಗಂತ ಸುಮ್ನೆ ಕೂರಬೇಕಿಲ್ಲ, ಪಾಠ ಈಗಲೇ ಶುರು ಮಾಡಬಹುದು. ನಮ್ಮದು ಬೀದಿಯಿಂದ ತಂದ ನಾಟಿ ನಾಯಿ. ಅದಕ್ಕೆ ಸೈಕಲ್ ಕಂಡರೆ ಭಯ ಇರಲಿಲ್ಲ, ಅದರ ಸದ್ದು ಕೇಳಿದರೆ ಭಯ. ಪೆಡಲ್ ತುಳಿಯದೆ ಸುಮ್ನೆ ಹೋಗುವಾಗ ಹಿಂದಿನ ಚಕ್ರ ಟಿಕ್ ಟಿಕ್ ಅನ್ನುತ್ತದಲ್ವಾ, ಅಷ್ಟಕ್ಕೇ ಬಾಲ ಒಳಗೆ ಹಾಕಿಕೊಂಡು ಗೇಟಿನ ಹಿಂದೆ ಹೋಗುತ್ತಿತ್ತು. ಸ್ಟ್ಯಾಂಡ್ ಹಾಕಿದ ಸೈಕಲ್ ಪಕ್ಕದಲ್ಲೇ ಅದರ ಊಟದ ತಟ್ಟೆ ಇಟ್ಟೆವು. ಅದು ತಿನ್ನುವಾಗ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ಬಿಡುವುದು. ಮೊದಲು ತಲೆ ಎತ್ತಿ ನೋಡುತ್ತಿತ್ತು. ಆಮೇಲೆ ಕಿವಿ ಮಾತ್ರ ತಿರುಗುತ್ತಿತ್ತು. ಕಿವಿಯೂ ತಿರುಗದೆ ಅನ್ನ ಮುಗಿಸಿದ ಮೇಲೆಯೇ ಸೈಕಲ್ ತಳ್ಳಿಕೊಂಡು ರಸ್ತೆಗೆ ಇಳಿದದ್ದು.

ತಳ್ಳಿಕೊಂಡು ಹೋಗುವಾಗ ಬಲಗಡೆ ಸೈಕಲ್, ನಡುವೆ ನೀವು, ಎಡಗಡೆ ನಾಯಿ. ಹತ್ತಿದ ಮೇಲೂ ಅದು ಎಡಗಡೆಯೇ ಇರಲಿ. ನಾವು ರಸ್ತೆಯ ಎಡಕ್ಕೆ ಹೋಗುವುದರಿಂದ ಗಾಡಿಗಳಿಗೂ ನಾಯಿಗೂ ಮಧ್ಯೆ ಸೈಕಲ್ ಬರುತ್ತದೆ. ಚೈನು ಬಲಕ್ಕಿರುವುದರಿಂದ ಅದರ ಕಾಟವೂ ಇಲ್ಲ. 'ನಿಧಾನ', 'ನಿಲ್ಲು', 'ಎಡಕ್ಕೆ', 'ಬಲಕ್ಕೆ', 'ಬಿಡು', ಇಷ್ಟನ್ನು ನಡೆಯುವಾಗಲೇ ಕಲಿಸಿ. ಇದರಲ್ಲಿ 'ಎಡಕ್ಕೆ' ಮುಖ್ಯ. ಎಡಕ್ಕೆ ತಿರುಗಿಸಿದರೆ ಮುಂದಿನ ಚಕ್ರ ಸೀದಾ ನಾಯಿಯ ಮೇಲೇ ಬರುತ್ತದೆ. ಮೊದಲು ಬಾಯಲ್ಲಿ ಹೇಳಿ, ಅದು ಪಕ್ಕಕ್ಕೆ ಸರಿದ ಮೇಲೆ ಹ್ಯಾಂಡಲ್ ತಿರುಗಿಸಿ.

ಹಗ್ಗದ ಬಗ್ಗೆ: ಹ್ಯಾಂಡಲ್‌ಗೆ ಕಟ್ಟಲೇಬೇಡಿ, ಕೈಗೂ ಸುತ್ತಿಕೊಳ್ಳಬೇಡಿ. ನಾಯಿ ಜಗ್ಗಿದರೆ ಹ್ಯಾಂಡಲ್ ತಿರುಗಿ ಇಬ್ಬರೂ ಮಣ್ಣು ಮುಕ್ಕುತ್ತೀರಿ. ಸೀಟಿನ ಕೆಳಗಿನ ಕಂಬಕ್ಕೆ ಬಿಗಿಯುವ ಸ್ಪ್ರಿಂಗ್ ಇರುವ ರಾಡು ಆನ್‌ಲೈನ್‌ನಲ್ಲಿ ಸಿಗುತ್ತದೆ. ಎಳೆತ ಕೆಳಗೆ ಬಿದ್ದಷ್ಟೂ ಸೈಕಲ್ ಅಲ್ಲಾಡುವುದು ಕಡಿಮೆ.

ಬೆಂಗಳೂರಿನಿಂದ:
ಹೊರಡುವ ಮುಂಚೆ ಒಂದು, ಎರಡು ಎಲ್ಲ ಮುಗಿಸಲು ಬಿಡಿ. ಇಲ್ಲದಿದ್ದರೆ ಸಿಕ್ಕ ಮೊದಲ ಲೈಟ್ ಕಂಬಕ್ಕೇ ಬ್ರೇಕ್. ನಾನು ಕಂಡ ಹಾಗೆ ಸೈಕಲ್‌ನಿಂದ ಬಿದ್ದವರಲ್ಲಿ ಅರ್ಧ ಜನ ಹೀಗೇ ಬಿದ್ದವರು!

ಮುಧೋಳ ಕಡೆಯಿಂದ:
ನಮ್ಮ ಕಡೆಯ ನಾಯಿ ಅಂದಿರಿ, ಅದಕ್ಕೆ ಹೇಳುತ್ತಿದ್ದೇನೆ. ಇದು ಬೇಟೆಯ ತಳಿ ನೋಡ್ರಿ, ಮೂಗಿಗಿಂತ ಕಣ್ಣು ಮುಂದು. ದೂರದಲ್ಲಿ ಮೊಲವೋ ಬೆಕ್ಕೋ ಓಡಿದರೆ ಸಾಕು, ನಿಮ್ಮ 'ಬಿಡು' ಅದರ ಕಿವಿಗೇ ಹೋಗುವುದಿಲ್ಲ. ಹಾಗಾಗಿ ಕುರಿ, ಆಡು ಓಡಾಡುವ ದಾರಿ ಬೇಡ.

ಇನ್ನೊಂದು, ಕುತ್ತಿಗೆ ಬೆಲ್ಟ್ ನಂಬಬೇಡಿ. ಇದರ ತಲೆ ಸಣ್ಣದು, ಕುತ್ತಿಗೆ ದಪ್ಪ. ಹಿಂದಕ್ಕೆ ಜಗ್ಗಿದರೆ ಬೆಲ್ಟ್ ಸಲೀಸಾಗಿ ಕಳಚಿ ಬರುತ್ತದೆ. ಎದೆಗೆ ಹಾಕುವ ಹಾರ್ನೆಸ್ ತೆಗೆದುಕೊಳ್ಳಿ. ಭುಜ ಆಡಲು ಜಾಗ ಇರಬೇಕು, ಕಂಕುಳಲ್ಲಿ ಉಜ್ಜಬಾರದು. ಇವುಗಳ ಚರ್ಮ ತೆಳು, ಬೇಗ ಸುಲಿಯುತ್ತದೆ. ಎದೆ ಆಳ ಇರುವ ನಾಯಿಗೆ ಹೊಟ್ಟೆ ತುಂಬ ತಿನ್ನಿಸಿ ಓಡಿಸುವುದೂ ಅಪಾಯ. ಹೊಟ್ಟೆ ಉಬ್ಬಿ ಒಳಗೆ ತಿರುಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಬರುತ್ತದೆ. ಓಡಿ ಬಂದು, ಏದುಸಿರು ನಿಂತು, ಆಮೇಲೆ ಊಟ.

ಮಂಗಳೂರಿನಿಂದ:
ಸೆಖೆಯ ಬಗ್ಗೆ ಯಾರೂ ಹೇಳಿಲ್ಲ. ನಾಯಿ ನಮ್ಮಂತೆ ಮೈತುಂಬ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಗಾಳಿಯಲ್ಲಿ ನೀರಿನ ಅಂಶ ಜಾಸ್ತಿ ಇದ್ದರೆ ಅದೂ ಸರಿಯಾಗಿ ಆಗುವುದಿಲ್ಲ. ನಮ್ಮೂರಲ್ಲಿ ಮಾರ್ಚ್‌ನಿಂದ ಮಳೆ ಬರುವವರೆಗೆ ನಾನು ಸೈಕಲ್ ಓಟ ಬಂದ್ ಮಾಡುತ್ತೇನೆ. ಧಾರವಾಡದಲ್ಲಿ ಅಷ್ಟು ಕಷ್ಟ ಇಲ್ಲ, ಆದರೂ ಬಿಸಿಲು ಏರುವ ಮುಂಚೆ ಮನೆ ಸೇರಿಬಿಡಿ. ಅಂಗೈಯ ಹಿಂಭಾಗವನ್ನು ರಸ್ತೆ ಮೇಲೆ ಏಳು ಸೆಕೆಂಡ್ ಇಡಿ. ನಿಮಗೆ ತಡೆಯಲು ಆಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ.

ನಾಲಿಗೆ ಕಡುಗೆಂಪಾಗಿ, ಅಂಟು ಅಂಟು ಜೊಲ್ಲು ಸುರಿದು, ಕಾಲು ತೂರಾಡಿದರೆ ಓಟ ಅಲ್ಲಿಗೇ ನಿಲ್ಲಿಸಿ. ನೆರಳಿಗೆ ತಂದು ಮೈ ಮೇಲೆ ನೀರು ಹುಯ್ಯುತ್ತಾ, ಗಾಳಿ ಬೀಸುತ್ತಾ ಡಾಕ್ಟರ್ ಹತ್ತಿರ ಓಡಬೇಕು. ಪಗ್, ಬುಲ್‌ಡಾಗ್ ತರಹದ ಚಪ್ಪಟೆ ಮೂಗಿನ ನಾಯಿ ಇರುವವರು ಇದನ್ನು ಓದಿ ಆಸೆಪಡಬೇಡಿ. ಅವಕ್ಕೆ ಈ ಓಟ ಆಗಿಬರುವುದಿಲ್ಲ.

ತುಮಕೂರಿನಿಂದ:
ನಮ್ಮ ಕಡೆ ಬೈಕ್ ಮೇಲೆ ಕೂತು ಚೈನು ಹಿಡಿದು ಓಡಿಸುತ್ತಾರೆ, ಅದಕ್ಕಿಂತ ಸೈಕಲ್ ವಾಸಿ ಅಲ್ವಾ?

ಮ್ಯೂನಿಕ್‌ನಿಂದ:
ನೂರು ಪಾಲು ವಾಸಿ. ಬೈಕ್‌ನಲ್ಲಿ ನಿಮಗೆ ಸುಸ್ತಾಗುವುದೇ ಇಲ್ಲ, ಇನ್ನು ನಾಯಿಗೆ ಸುಸ್ತಾಗಿದ್ದು ಹೇಗೆ ಗೊತ್ತಾಗಬೇಕು? ಹೊಗೆಯೂ ಅದರ ಮೂಗಿನ ಎತ್ತರಕ್ಕೇ ಬರುತ್ತದೆ. ಇಲ್ಲಿ ಜರ್ಮನಿಯ ರಸ್ತೆ ನಿಯಮದಲ್ಲೇ ಇದೆ: ಮೋಟಾರು ಗಾಡಿಯಲ್ಲಿ ಕೂತು ಯಾವ ಪ್ರಾಣಿಯನ್ನೂ ಹಗ್ಗ ಹಿಡಿದು ಪಕ್ಕದಲ್ಲಿ ಕರೆದೊಯ್ಯುವಂತಿಲ್ಲ. ಸೈಕಲ್‌ನಲ್ಲಾದರೆ ನಾಯಿಯನ್ನು ಮಾತ್ರ ಹಾಗೆ ಕರೆದೊಯ್ಯಬಹುದು.

ಜರ್ಮನ್ ಶೆಫರ್ಡ್ ಸಾಕುವವರಿಗೆ ಇಲ್ಲಿ ಒಂದು ಓಟದ ಪರೀಕ್ಷೆಯೂ ಇದೆ. ಸೈಕಲ್ ಪಕ್ಕ 20 ಕಿ.ಮೀ., ವೇಗ ಗಂಟೆಗೆ 12ರಿಂದ 15 ಕಿ.ಮೀ. ಒಂದೇ ಉಸಿರಿಗೆ ಅಲ್ಲ. 8 ಕಿ.ಮೀ. ಆದ ಮೇಲೆ ಒಮ್ಮೆ, 15 ಕಿ.ಮೀ. ಆದ ಮೇಲೆ ಇನ್ನೊಮ್ಮೆ ವಿಶ್ರಾಂತಿ. ಪಾದ ಸವೆದಿದೆಯಾ ಅಂತಲೂ ನೋಡುತ್ತಾರೆ. ನಾಯಿಗೆ ಕನಿಷ್ಠ 16 ತಿಂಗಳಾಗಿರಬೇಕು. ಇಲ್ಲಿ ಸಂಚಾರ ರಸ್ತೆಯ ಬಲಕ್ಕೆ, ಹಾಗಾಗಿ ನಾಯಿಯೂ ಬಲಗಡೆ. ವಿಡಿಯೋ ನೋಡಿ ಕಲಿಯುವವರು ಇದನ್ನು ಉಲ್ಟಾ ಮಾಡಿಕೊಳ್ಳಿ.

ಶಿವಮೊಗ್ಗದಿಂದ:
ಬೀದಿ ನಾಯಿಗಳು ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬೇಡಿ, ಅವಕ್ಕೆ ಅದೇ ಆಟ. ಇಳಿದು, ಸೈಕಲ್ ಅಡ್ಡ ಹಿಡಿದು, ನಿಮ್ಮ ನಾಯಿಯನ್ನು ಹಿಂದೆ ಇಟ್ಟುಕೊಂಡು ನಡೆಯಿರಿ. ರೇಬೀಸ್ ಇಂಜೆಕ್ಷನ್ ಬಾಕಿ ಇಡಬೇಡಿ. ಹುಲ್ಲು, ಪೊದೆ ಇರುವ ದಾರಿಯಾದರೆ ಮನೆಗೆ ಬಂದ ತಕ್ಷಣ ಕಿವಿ ಒಳಗೆ, ಬೆರಳಿನ ಸಂದಿಯಲ್ಲಿ ಉಣುಗು ಹುಡುಕಿ. ಚೆನ್ನಾಗಿ ಓಡುತ್ತಿದ್ದ ನಾಯಿ ಒಂದು ದಿನ ಸುಮ್ಮನೆ ಹಿಂದೆ ಬಿದ್ದರೆ ಸೋಮಾರಿತನ ಅಂತ ಬೈಯಬೇಡಿ. ಉಣುಗಿನಿಂದ ಬರುವ ಜ್ವರ ಎಷ್ಟೋ ಸಲ ಹೀಗೇ ಶುರುವಾಗುವುದು. ರಕ್ತ ಪರೀಕ್ಷೆ ಮಾಡಿಸಿ.

ಧಾರವಾಡದಿಂದ ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಒಂದೂವರೆ ವರ್ಷ ಆಗಲಿ ಬಿಡಿ, ಕಾಯುತ್ತೇನೆ. ಮೊದಲ ಸಲ ಹತ್ತಿದಾಗ ಎಷ್ಟು ದೂರ, ಎಷ್ಟು ಸ್ಪೀಡು?

ಮೈಸೂರಿನಿಂದ:
ದೂರ ನೋಡಬೇಡಿ, ಹೊತ್ತು ನೋಡಿ. ಮಣ್ಣಿನ ದಾರಿಯಲ್ಲಿ ಐದು ನಿಮಿಷ ಸಾಕು. ಮಧ್ಯೆ ಒಮ್ಮೆ ಇಳಿದು ನಡೆಯಿರಿ. ಮಾರನೇ ದಿನ ಕುಂಟದೆ, ತಾನಾಗಿ ಸೈಕಲ್ ಹತ್ತಿರ ಬಂದು ನಿಂತರೆ ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ದಿನ ಬಿಟ್ಟು ದಿನ ಮಾಡಿದರೆ ಒಳ್ಳೆಯದು.

ಸ್ಪೀಡಿಗೆ ಮೀಟರ್ ಬೇಡ, ಕಾಲು ನೋಡಿ. ಮುಂದಿನ ಎಡಗಾಲು, ಹಿಂದಿನ ಬಲಗಾಲು ಒಟ್ಟಿಗೆ ಬೀಳುತ್ತಾ, ಬೆನ್ನು ಅಲ್ಲಾಡದೆ ಹೋಗುತ್ತಿದ್ದರೆ ಅದು ಸರಿಯಾದ ಜಾಗಿಂಗ್. ಎರಡು ಮುಂಗಾಲೂ ಒಟ್ಟಿಗೆ ಎತ್ತಿ ನೆಗೆಯಲು ಶುರು ಮಾಡಿದರೆ ನಿಮ್ಮ ಸ್ಪೀಡು ಜಾಸ್ತಿಯಾಗಿದೆ ಅಂತ ಅರ್ಥ. ಮುಧೋಳ ನಾಯಿಗೆ ನೆಗೆದು ಓಡುವುದೇ ಇಷ್ಟ, ಅದಕ್ಕೆ ಹಗ್ಗ ಬಿಚ್ಚಿದ ಮೈದಾನ ಇರಲಿ. ಹಗ್ಗ ಸಡಿಲವಾಗಿ ತೂಗುತ್ತಿರಬೇಕು. ಬಿಗಿಯಾಗಿ ಹಿಂದಕ್ಕೆ ಎಳೆದುಕೊಂಡಿದೆ ಅಂದರೆ ನಾಯಿ ಓಡುತ್ತಿಲ್ಲ, ನೀವು ಎಳೆದುಕೊಂಡು ಹೋಗುತ್ತಿದ್ದೀರಿ. ಮತ್ತೆ ಸರ್, ಹೊರಡುವ ಮುಂಚೆ ಸೈಕಲ್ ಅಂಗಡಿಯಲ್ಲಿ ಹಿಂದಿನ ಬ್ರೇಕ್ ಬಿಗಿ ಮಾಡಿಸಿ. ನಾಯಿ ಜಗ್ಗಿದಾಗ ಗಾಬರಿಯಲ್ಲಿ ಮುಂದಿನ ಬ್ರೇಕ್ ಮಾತ್ರ ಒತ್ತಿದರೆ ಸೈಕಲ್ ಪಲ್ಟಿ ಹೊಡೆಯುತ್ತದೆ.